ನಾನೂರು ವರ್ಷದ ಹೊಸ್ತಿಲು

ಬೆಳಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ಕೊಡೆಯವನು ನಮ್ಮ ಓಣಿಗೆ ಬರುತ್ತಾನೆ. ಮಳೆಯಿರಲಿ ಬಿಸಿಲಿರಲಿ, ಮಡಚಿದ ಹಳದಿ ಕೊಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿರುತ್ತಾನೆ. ಹಿಂದೆ ಬರುವ ಪ್ರವಾಸಿಗರು ದಾರಿ ತಪ್ಪಬಾರದಂತೆ. ನಾಲ್ಕು ಮೊಳ ಅಗಲದ ಓಣಿಯಲ್ಲಿ ದಾರಿ ತಪ್ಪುವುದಾದರೂ ಹೇಗೆ ಎಂದು ನಾನೊಮ್ಮೆ ಕೇಳಿದ್ದೆ. ಹಲ್ಲು ಕಿರಿದ, ಅಷ್ಟೆ.

ದೀಪಸ್ತಂಭ, ಫಿರಂಗಿಗಳ ಬುರುಜು, ಹಳೆಯ ಸುಂಕದ ಕಟ್ಟಡ, ಆಮೇಲೆ ನಮ್ಮ ಬಾಗಿಲು. ಟಿಕೆಟ್ಟಿನ ಹಿಂದೆ ಅಚ್ಚು ಹಾಕಿರುವ ಪಟ್ಟಿಯಲ್ಲಿ ನಮ್ಮದು ನಾಲ್ಕನೆಯ ನಂಬರು. ನಾವು ಬೆಳಗ್ಗೆ ಎದ್ದು ಮುಖ ತೊಳೆಯುವ ಮನೆ ಅದು ಎಂದು ಆ ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ.

"ನೋಡಿ, ಇದೇ ಆ ಪ್ರಸಿದ್ಧ ಹೊಸ್ತಿಲು. ನಾನೂರು ವರ್ಷ ಹಳೇದು. ಸಮುದ್ರದ ನೀರು ಒಳಗೆ ಬರಬಾರ್ದು ಅಂತ ಇಷ್ಟೆತ್ತರ ಇಡ್ತಿದ್ರು. ನಡುವೆ ಹೇಗೆ ಸವೆದಿದೆ ನೋಡಿ. ಎಷ್ಟು ತಲೆಮಾರು ಇದನ್ನ ತುಳಿದಿರ್ಬೇಕು! ಕಣ್ಣು ಮುಚ್ಚಿ ಕಾಲಿಡಿ, ನಿಮಗೇ ಗೊತ್ತಾಗುತ್ತೆ."

ಬಂದವರು ಕಣ್ಣು ಮುಚ್ಚಿ ಕಾಲಿಡುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ಕತ್ತು ಚಾಚಿ ಒಳಗೆ ಇಣುಕುತ್ತಾರೆ. ಒಳಗೆ, ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ, ನನ್ನ ಗಂಡ ಗಾಲಿಕುರ್ಚಿಯಲ್ಲಿ ಕೂತಿರುತ್ತಾರೆ. ಕಳೆದ ತಿಂಗಳು ಒಬ್ಬ ಮಹಾಶಯ "ಇವರೂ ಟಿಕೆಟ್ಟಲ್ಲಿ ಸೇರಿದಾರಾ?" ಎಂದ. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಅದನ್ನು ಅವನ ತಲೆಯ ಮೇಲೆ ಸುರಿಯಲಿಲ್ಲವಲ್ಲ ಎಂದು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತೇನೆ.

ನಾನು ಬಂದರಿನ ಎದುರಿನ ಹೋಟೆಲಿನಲ್ಲಿ ಇಸ್ತ್ರಿ ಕೆಲಸ ಮಾಡುತ್ತೇನೆ. ನೆಲಮಾಳಿಗೆಯಲ್ಲಿ ಉದ್ದನೆಯ ಉರುಳೆ ಯಂತ್ರ. ಒಬ್ಬಳು ಒದ್ದೆ ಹಾಸುಬಟ್ಟೆಯನ್ನು ಈ ಕಡೆಯಿಂದ ಕೊಡಬೇಕು, ಇನ್ನೊಬ್ಬಳು ಆ ಕಡೆಯಿಂದ ಎಳೆದು ಮಡಚಬೇಕು. ಬೆಳಗಿನ ಐದರಿಂದ ಹತ್ತೂವರೆಯವರೆಗೆ ಒಂದು ಪಾಳಿ, ಮಧ್ಯಾಹ್ನ ಎರಡರಿಂದ ಇನ್ನೊಂದು. ನಡುವಿನ ಹೊತ್ತಿನಲ್ಲಿ ಓಡಿ ಬಂದು ಗಂಡನ ಮೈ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸಬೇಕು. ಆ ಹೊತ್ತಿಗೇ ಕೊಡೆ ಬರುತ್ತದೆ. ಬೆಳಗ್ಗೆ ನಾನು ಯಾರು ಮಲಗೆದ್ದ ಹಾಸುಬಟ್ಟೆ ಒತ್ತಿರುತ್ತೇನೋ ಅವರೇ ಹನ್ನೊಂದಕ್ಕೆ ನನ್ನ ಬಾಗಿಲಲ್ಲಿ ಹಾಜರು.

ನನ್ನ ಗಂಡನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತೂ ಹೋಯಿತು. ಒಂದು ಶಬ್ದಕ್ಕೆ ಎರಡು ನಿಮಿಷ ತಡಕಾಡುತ್ತಾರೆ, ಸಿಕ್ಕಿದ್ದು ಅರ್ಧ ಬಾಯಲ್ಲೇ ಉಳಿಯುತ್ತದೆ, ನನಗೊಬ್ಬಳಿಗೆ ಅರ್ಥವಾಗುತ್ತದೆ. ದಿನಾ ಒಂದು ಗಂಟೆಯಾದರೂ ಹೊರಗೆ ಕರೆದುಕೊಂಡು ಹೋಗಿ, ಗಾಳಿ ಬೆಳಕು ಕಾಣಲಿ, ನಾಲ್ಕು ಜನರನ್ನು ನೋಡಲಿ, ಇಲ್ಲದಿದ್ದರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ನಮ್ಮ ಹೊಸ್ತಿಲು ಮೊಣಕಾಲೆತ್ತರ. ಹಿಂಬಾಗಿಲು ಇಲ್ಲ, ಹಿಂದೆ ಕೋಟೆಯ ಗೋಡೆ. ಹಲಗೆ ಇಟ್ಟು ಇಳಿಜಾರು ಮಾಡೋಣವೆಂದರೆ, ಗಾಲಿ ಸುಲಭವಾಗಿ ಇಳಿಯುವಷ್ಟು ಉದ್ದದ ಹಲಗೆ ಎದುರು ಮನೆಯ ಗೋಡೆಗೆ ಹೋಗಿ ತಾಗುತ್ತದೆ. ಆದರೂ ಗಿಡ್ಡದೊಂದು ಇಟ್ಟೆ. ಮೂರನೆಯ ದಿನ, ಹಳೆಯ ಕಟ್ಟಡಗಳ ಉಸ್ತುವಾರಿ ನೋಡುವ ಸಮಿತಿಯವರು ಬಂದು ಹೊತ್ತುಕೊಂಡು ಹೋದರು. ಓಣಿಯ ಐತಿಹಾಸಿಕ ನೋಟಕ್ಕೆ ಧಕ್ಕೆಯಂತೆ.

ಎರಡು ಸಲ ಅಕ್ಕಪಕ್ಕದ ಗಂಡಸರು ಆಸ್ಪತ್ರೆಗೆಂದು ಅವರನ್ನು ಎತ್ತಿ ದಾಟಿಸಿದರು. ಎರಡನೆಯ ಸಲ ಕೊಡೆಯವನ ಗುಂಪು ಎದುರಾಯಿತು. ಮೂಟೆಯ ಹಾಗೆ ತೂಗಾಡುತ್ತಿದ್ದ ನನ್ನ ಗಂಡನ ಫೋಟೋ ತೆಗೆದುಕೊಂಡರು. ಆಮೇಲೆ ನನ್ನ ಗಂಡ ಯಾರಿಗೂ ತಮ್ಮನ್ನು ಎತ್ತಲು ಬಿಡಲಿಲ್ಲ. ಸಮುದ್ರ ಇನ್ನೂರು ಹೆಜ್ಜೆ. ಅಲೆಯ ಸದ್ದು ಮನೆಯೊಳಗೆ ಕೇಳುತ್ತದೆ. ನನ್ನ ಗಂಡ ಗೋಡೆ ನೋಡುತ್ತಾ ಕೂತಿರುತ್ತಾರೆ. ದಿನದಿಂದ ದಿನಕ್ಕೆ ಆ ಅರ್ಧ ಶಬ್ದಗಳೂ ಕಮ್ಮಿಯಾದವು.

ಈಗ ನಿಜ ಹೇಳುತ್ತೇನೆ. ಆ ಹೊಸ್ತಿಲಿಗೆ ನಾನೂರು ವರ್ಷವಲ್ಲ, ನಲವತ್ತೂ ಆಗಿಲ್ಲ. ಅದನ್ನು ಕಡೆದದ್ದು ನನ್ನ ಗಂಡ.

ಅವರು ಕಲ್ಲುಕುಟಿಗರು. ನಮ್ಮ ಮದುವೆಯಾದ ಮರುವರ್ಷ ಸಮುದ್ರ ಉಕ್ಕಿ ಓಣಿಯೊಳಗೆ ನುಗ್ಗಿತು. ಹದಿನಾರು ಮನೆಗಳಲ್ಲಿ ಹನ್ನೊಂದರ ಹೊಸ್ತಿಲು ಒಡೆದುಹೋದವು. ಸಮಿತಿಯ ಆಗಿನ ಅಧ್ಯಕ್ಷರು ಇವರನ್ನು ಕರೆಸಿ, ಹನ್ನೊಂದನ್ನೂ ಮತ್ತೆ ಮಾಡು, ಆದರೆ ಹೊಸದು ಅನ್ನಿಸಬಾರದು, ಯಾರಿಗೂ ಹೇಳಲೂ ಬಾರದು ಎಂದರು. ಇವರು ಮಾತು ಕೊಟ್ಟರು. ನಮ್ಮ ಬಾಗಿಲಿನ ಆ ಸವೆತ, ತಲೆಮಾರುಗಳು ತುಳಿದದ್ದು ಎಂದು ಜನ ಕಣ್ಣು ಮುಚ್ಚಿ ಕಾಲಿಡುವ ಆ ತಗ್ಗು, ಅದನ್ನು ಅವರು ಮೂರು ದಿನ ಉಳಿ ಹಿಡಿದು, ಒದ್ದೆ ಮರಳಿನಲ್ಲಿ ಉಜ್ಜಿ ಮಾಡಿದ್ದು. ಮರಳು ತಂದು ಕೊಟ್ಟವಳು ನಾನು. ಸಮುದ್ರಕ್ಕೆ ತಡೆಗೋಡೆ ಕಟ್ಟಿದ ಮೇಲೆ ಓಣಿಗೆ ನೀರು ಬಂದದ್ದೇ ಇಲ್ಲ. ಈಗ ಆ ಕಲ್ಲಿಗೆ ಫೋಟೋಗೆ ನಿಲ್ಲುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ನಾನು ಸಮಿತಿಯ ಕಚೇರಿಗೆ ಹೋದೆ. ಸುಂಕದ ಕಟ್ಟಡದ ಮಹಡಿಯ ಕೋಣೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಆಟಿಕೆ ಹಡಗು, ತುಕ್ಕು ಹಿಡಿದ ಲಂಗರು. ಕಾರ್ಯದರ್ಶಿಯ ಮೇಜಿನ ಮೇಲೂ ಗಾಜು. ಅದರ ಕೆಳಗೆ ಮಾರಾಟದ ಚಿತ್ರಗಳು, ಅವುಗಳಲ್ಲಿ ಒಂದು ನಮ್ಮ ಬಾಗಿಲು. ಆತ ಚಹಾದ ಲೋಟವನ್ನು ಸರಿಯಾಗಿ ನಮ್ಮ ಬಾಗಿಲಿನ ಮೇಲೆ ಇಟ್ಟಿದ್ದ.

"ಅಮ್ಮಾ, ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ. ಆದ್ರೆ ಆ ಹೊಸ್ತಿಲು ನಿಮ್ಮದಲ್ಲ, ಇತಿಹಾಸದ್ದು."

"ಹಾಗಾದ್ರೆ ಇತಿಹಾಸಾನೇ ದಿನಾ ಬಂದು ನನ್ನ ಗಂಡನ್ನ ಎತ್ತಿ ಇಳಿಸ್ಲಿ."

ಆತ ನಕ್ಕ. ನಾನು ನಗಲಿಲ್ಲ. ಕಲ್ಲು ಯಾರದ್ದು ಎಂದು ಹೇಳಿಬಿಟ್ಟೆ. ಆತನ ನಗು ಇನ್ನೂ ಅಗಲವಾಯಿತು.

"ಮೂವತ್ತು ವರ್ಷದ ಹಿಂದಿನ ಕಡತ ನಾನೇ ನೋಡಿದೀನಿ. 'ಬೀದಿ ದುರಸ್ತಿ' ಅಂತ ಇದೆ, ಅಷ್ಟೇ. ನೀವು ಹೇಳೋದಕ್ಕೆ ಸಾಕ್ಷಿ?"

"ಪ್ರತಿ ಕಲ್ಲಿಗೂ ಅವರು ತಮ್ಮ ಗುರುತು ಹಾಕ್ತಾರೆ. ನೆಲದೊಳಗೆ ಹೂತಿರೋ ಭಾಗದಲ್ಲಿದೆ."

"ತೋರಿಸಿ."

"ತೋರಿಸ್ಬೇಕಾದ್ರೆ ಕಲ್ಲು ಕೀಳ್ಬೇಕು."

"ಕೀಳೋಕೆ ಅನುಮತಿ ಬೇಕು."

"ಕೊಡಿ ಮತ್ತೆ."

"ಅಷ್ಟು ಹಳೇ ಕಲ್ಲು ಕೀಳೋಕೆ ಅನುಮತಿ ಹೇಗೆ ಕೊಡ್ಲಿ?"

"ಹಳೇದಲ್ಲ ಅಂತ ತಾನೇ ಬಡ್ಕೋತಿರೋದು!"

"ಅದಕ್ಕೇ ಕೇಳಿದ್ದು, ಸಾಕ್ಷಿ ಎಲ್ಲಿ ಅಂತ."

ಪಿತ್ತ ನೆತ್ತಿಗೇರಿತು. ಧಡಧಡ ಮೆಟ್ಟಿಲಿಳಿದು ಬಂದೆ.

ಮನೆಗೆ ಬಂದರೆ ನನ್ನ ನಾದಿನಿ ಕಾದು ಕೂತಿದ್ದಾಳೆ. ಗಂಡನ ತಂಗಿ, ಓಣಿಯಲ್ಲಿ ನಮ್ಮಿಂದ ಮೂರನೆಯ ಬಾಗಿಲು. ಮಹಡಿಯ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಕಚೇರಿಯಲ್ಲಿ ಆಡಿದ ಮಾತು ನನಗಿಂತ ಮುಂಚೆ ಅವಳ ಕಿವಿ ತಲುಪಿತ್ತು.

"ಅತ್ತಿಗೆ, ನಿಮಗೆ ತಲೆ ನೆಟ್ಟಗಿದೆಯಾ? ಹೊಸ್ತಿಲು ಸುಳ್ಳು ಅಂತ ಆದ್ರೆ ಈ ಓಣಿಗೆ ಯಾರು ಕಾಲಿಡ್ತಾರೆ? ಎಲ್ಲರ ಹೊಟ್ಟೆ ಮೇಲೂ ಹೊಡೀತೀರಾ?"

"ನಿನ್ನ ಅಣ್ಣ ಎಂಟು ತಿಂಗಳಿಂದ ಗೋಡೆ ನೋಡ್ತಾ ಕೂತಿದಾರಲ್ಲ, ಅದು ಕಾಣಲ್ವಾ?"

"ಅಣ್ಣನೇ ಬಾಯಿ ಬಿಟ್ಟಿಲ್ಲ. ನಿಮಗ್ಯಾಕೆ?"

ಅದು ನೆಟ್ಟಗೆ ಎದೆಗೆ ತಾಗಿತು. ಅವಳು ಹೇಳಿದ್ದು ನಿಜ. ಅವಳು ಹೋದ ಮೇಲೆ ಗಂಡನ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದೆ. ಕಲ್ಲು ಕೀಳಲಾ? ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಯಾಕೆ? ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಮಾ... ತು."

ಅಧ್ಯಕ್ಷರಿಗೆ ಕೊಟ್ಟ ಮಾತು. ಆ ಮನುಷ್ಯ ಸತ್ತು ಹತ್ತು ವರ್ಷವಾಗಿದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು, ನನಗೆ ಗೊತ್ತಿತ್ತು. ಇಷ್ಟು ವರ್ಷ ಯಾರೊಬ್ಬರೂ ಪತ್ತೆ ಹಚ್ಚಲಿಲ್ಲವಲ್ಲ, ಆ ಹೆಮ್ಮೆ. ಕೊಡೆಯವನು ನಾನೂರು ವರ್ಷ ಎಂದಾಗೆಲ್ಲ ಇವರ ತುಟಿಯ ಎಡಮೂಲೆ ಒಂಚೂರು ಮೇಲೇಳುತ್ತಿತ್ತು. ತನ್ನನ್ನು ಕೂಡಿಹಾಕಿದ ಕಲ್ಲನ್ನು ಹೊಗಳಿದರೆ ಖುಷಿಪಡುವ ಮನುಷ್ಯ! ನನಗೆ ಅವರ ಮೇಲೆ ಬಂದಂಥ ಸಿಟ್ಟು ಕಾರ್ಯದರ್ಶಿಯ ಮೇಲೂ ಬಂದಿರಲಿಲ್ಲ.

"ನಿಮಗೆ ನಿಮ್ಮ ಕಲ್ಲೇ ಹೆಚ್ಚು. ನಾನೂ ಅಲ್ಲ, ನೀವೂ ಅಲ್ಲ. ಅದರ ಹಿಂದೇನೇ ಕೂತು ಸಾಯ್ತೀರಾ? ನಾನು ಬಿಡಲ್ಲ."

ಮರುದಿನ ಹೋಟೆಲಿಗೆ ರಜೆ ಹೇಳಿ ಕಳಿಸಿದೆ. ಮಂಚದ ಕೆಳಗಿದ್ದ ಅವರ ಹಾರೆ ಎಳೆದೆ. ಮುರಿದ ಇಸ್ತ್ರಿ ಮೇಜಿನ ಹಲಗೆಯೊಂದನ್ನು ಹಿಂದಿನ ವಾರವೇ ಹೋಟೆಲಿನಿಂದ ಹೊತ್ತು ತಂದಿದ್ದೆ, ಕಲ್ಲು ಹೋದ ಮೇಲೆ ಉಳಿಯುವ ಗುಂಡಿಯ ಮೇಲೆ ಹಾಸಲು ಈಗ ಅದು ಸಾಕಿತ್ತು. ಹನ್ನೊಂದಾಗುವವರೆಗೆ ಕಾದೆ. ಯಾರೂ ಇಲ್ಲದಾಗ ಕಿತ್ತರೆ ಕದ್ದು ಕಿತ್ತ ಹಾಗೆ. ಎಲ್ಲರೂ ನೋಡಲಿ ಎನ್ನುವುದು ನನ್ನ ಹಟ.

ಓಣಿಯ ತುದಿಯಲ್ಲಿ ಹಳದಿ ಕೊಡೆ ಕಂಡಿತು. ನಾನು ಹೊರಗೆ ನಿಂತು ಹಾರೆಯನ್ನು ಕಲ್ಲಿನ ಬುಡಕ್ಕೆ ಬೀಸಿ ಹೊಡೆದೆ.

"ಅಯ್ಯೋ, ಅಯ್ಯೋ, ಏನಮ್ಮ ಮಾಡ್ತಿದೀರಿ!" ಕೊಡೆಯವನು ಓಡಿ ಬಂದ.

"ಹತ್ರ ಬರ್ಬೇಡ. ಕೈ ಜಾರಿದ್ರೆ ನಾನು ಜವಾಬ್ದಾರಳಲ್ಲ."

ಅವನು ಎರಡು ಹೆಜ್ಜೆ ಹಿಂದೆ ಸರಿದು ಕಾರ್ಯದರ್ಶಿಯನ್ನು ಕರೆಯಲು ಫೋನು ತೆಗೆದ. ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಅವರೂ ಫೋನು ತೆಗೆದರು, ಫೋಟೋಗೆ. ನಾನು ಇನ್ನೊಂದು ಏಟು ಹಾಕಿದೆ. ಕಲ್ಲಿನ ಅಂಚಿನಿಂದ ಬೆರಳಗಲದ ಚಕ್ಕೆ ಹಾರಿತು.

ಒಳಗಿನಿಂದ ಕೂಗು ಕೇಳಿತು. ಶಬ್ದವಲ್ಲ, ನೋವಿನ ಕೂಗು. ನೋಡಿದರೆ ನನ್ನ ಗಂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಾರೆ, ಎಡಗೈ ಎತ್ತಿದ್ದಾರೆ.

"ಅ... ಅಲ್ಲ."

"ಬೇಡ ಅಂತೀರಾ? ನಾನು ನಿಲ್ಸಲ್ಲ."

"ಅಲ್ಲಲ್ಲ!" ಎಡಗೈ ಬೆರಳು ಕಲ್ಲಿನ ಎಡ ಮೂಲೆ ತೋರಿಸುತ್ತಿತ್ತು. ಅಲ್ಲಿ ಅಲ್ಲ, ಇಲ್ಲಿ. ಕೀಳಬೇಡ ಎಂದಲ್ಲ, ಕಲ್ಲು ಹಾಳು ಮಾಡಬೇಡ ಎಂದು. ಕೆಟ್ಟ ಕೆಲಸ ನೋಡಿಕೊಂಡು ಸುಮ್ಮನಿರಲು ಅವರಿಂದ ಆಗಲಿಲ್ಲ.

ಬೆರಳು ತೋರಿಸಿದಲ್ಲಿ ಕೈಯಾಡಿಸಿದೆ. ಬಾಗಿಲ ಚೌಕಟ್ಟಿಗೂ ಕಲ್ಲಿಗೂ ನಡುವೆ ಅಂಗೈಯಷ್ಟು ಒಂದು ಬೆಣೆ. ಮೊದಲು ಹೊರಗಿನ ಎರಡು ಚಿಕ್ಕ ಹಾಸುಗಲ್ಲು ತೆಗೆಸಿದರು. ಆಮೇಲೆ ಬೆಣೆ. ಆಮೇಲೆ ಹಾರೆಯ ತುದಿಯನ್ನು ಎಲ್ಲಿ, ಎಷ್ಟು ಆಳ ಇಡಬೇಕೆಂದು ಬೆರಳಲ್ಲೇ ತೋರಿಸಿದರು. ನಾನು ಮೈಭಾರ ಹಾಕಿ ಒತ್ತಿದೆ. ಸಣ್ಣಗೆ ಕಿರುಗುಟ್ಟಿತು. ಇಬ್ಬರು ಗಂಡಸರು ಎತ್ತುವ ಚಪ್ಪಡಿ ಇಡಿಯಾಗಿ, ಸದ್ದಿಲ್ಲದೆ ಓಣಿಯ ಕಡೆಗೆ ಬಾಗಿ ಮಲಗಿತು. ಎಷ್ಟೋ ವರ್ಷದ ಹಿಂದೆ ಕೂರಿಸಿದ ಕಲ್ಲನ್ನು ಒಂದು ಬೆರಳಿನಲ್ಲಿ ಬಿಡಿಸಿದ್ದರು.

ಒಳಮುಖ ಮೇಲಾಗಿತ್ತು. ನೆಲದಲ್ಲಿ ಹೂತಿದ್ದ ಭಾಗಕ್ಕೆ ಗಾರೆ ಮೆತ್ತಿಕೊಂಡಿತ್ತು. ಸೆರಗಿನಿಂದ ಉಜ್ಜಿದೆ. ಗುರುತು ಅಲ್ಲಿತ್ತು. ಒಂದು ಗಾಳದ ಕೊಕ್ಕೆ, ಅದರ ಕೆಳಗೆ ಎರಡು ಚುಕ್ಕೆ. ಮಾವನವರದ್ದು ಒಂದು ಚುಕ್ಕೆ, ಮಗನದ್ದು ಎರಡು.

"ನೋಡಿ!" ಎಂದು ನಾನು ಗುಂಪಿನ ಕಡೆ ತಿರುಗುವಷ್ಟರಲ್ಲಿ ಕೊಡೆಯವನ ಗಂಟಲು ಓಣಿ ತುಂಬಿತು.

"ನೋಡಿ, ನೋಡಿ! ನೀವೆಂಥ ಅದೃಷ್ಟವಂತರು! ನಾನೂರು ವರ್ಷದ ಹಿಂದಿನ ಶಿಲ್ಪಿಯ ಗುರುತು! ಯಾರೋ ಅನಾಮಿಕ. ಅವನ ಹೆಸರು ಇನ್ನು ಯಾವತ್ತೂ ನಮಗೆ ಗೊತ್ತಾಗಲ್ಲ."

ಫೋನುಗಳು ಒಟ್ಟಿಗೆ ಮೇಲೆದ್ದವು. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಆ ಅನಾಮಿಕ ಅವಳಿಂದ ಮೂರು ಹೆಜ್ಜೆ ದೂರದಲ್ಲಿ, ಮೊಣಕಾಲ ಮೇಲೆ ಟವೆಲು ಹಾಸಿಕೊಂಡು ಕೂತಿದ್ದ. ಅಷ್ಟರಲ್ಲಿ ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದ. ಅವನ ಬೆನ್ನಿಗೆ ನಾದಿನಿ.

ನಾನು ಒಳಗೆ ಹೋಗಿ ಗಂಡನ ಉಳಿ ಸುತ್ತಿಗೆಗಳ ಚೀಲ ತಂದು ಕಾರ್ಯದರ್ಶಿಯ ಕಾಲ ಬಳಿ ಕುಕ್ಕಿದೆ. ಒಂದೊಂದು ಹಿಡಿಯ ಮೇಲೂ ಕಾಯಿಸಿದ ಕಬ್ಬಿಣದಲ್ಲಿ ಸುಟ್ಟ ಅದೇ ಕೊಕ್ಕೆ, ಅದೇ ಎರಡು ಚುಕ್ಕೆ.

"ಕೇಳಿದ್ರಲ್ಲ ಸಾಕ್ಷಿ. ತಗೊಳ್ಳಿ."

ಆತ ಒಂದು ಉಳಿ ಎತ್ತಿ ನೋಡಿದ. ಕಲ್ಲು ನೋಡಿದ. ಮುಖದ ಬಣ್ಣ ಇಳಿಯಿತು. ಗುಂಪಿಗೆ ಕಾಣದಂತೆ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿ, ನನ್ನ ಕಿವಿಯ ಹತ್ತಿರ ಬಾಗಿದ.

"ಅಮ್ಮಾ, ಜನರ ಮುಂದೆ ಬೇಡ. ಹೊಸ್ತಿಲು ತೆಗೆದಿದ್ದು ತೆಗೆದಂಗೇ ಇರ್ಲಿ. ಹಲಗೆ ಹಾಕ್ಕೊಳ್ಳಿ, ಇಳಿಜಾರು ಮಾಡ್ಕೊಳ್ಳಿ, ನಾನೇ ಬರೆದು ಕೊಡ್ತೀನಿ. ಕಲ್ಲನ್ನ ನಾವು ತಗೊಂಡು ಹೋಗ್ತೀವಿ. ನೀವು ಬಾಯಿ ಬಿಡ್ಬಾರ್ದು, ಅಷ್ಟೇ."

"ಒಪ್ಕೊಳ್ಳಿ ಅತ್ತಿಗೆ, ದಮ್ಮಯ್ಯ ಅಂತೀನಿ," ಎಂದಳು ನಾದಿನಿ.

ಮೂವತ್ತು ವರ್ಷದ ಹಿಂದೆ ಗಂಡನಿಂದ ತೆಗೆದುಕೊಂಡ ಮಾತನ್ನೇ ಈಗ ನನ್ನಿಂದ ಕೇಳುತ್ತಿದ್ದಾರೆ. ಆ ಕಾರ್ಯದರ್ಶಿಯ ಕಿವಿ ಹಿಂಡಿ ಗುಂಪಿನ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಗಂಡನ ಕಡೆ ನೋಡಿದೆ. ಅವರು ಒಮ್ಮೆ ತಲೆಯಾಡಿಸಿದರು. ಹೂಂ ಅನ್ನು ಎಂದು. ನನಗೆ ಬೇಕಾಗಿದ್ದದ್ದು ಬಾಗಿಲು. ಬಾಗಿಲು ಸಿಕ್ಕಿತ್ತು.

"ಆಯ್ತು," ಎಂದೆ. "ನಾನು ಬಾಯಿ ಬಿಡಲ್ಲ." ಆ ಒಂದು ಮಾತನ್ನು ಆಡುವುದು ಕಲ್ಲು ಕಿತ್ತದ್ದಕ್ಕಿಂತ ಕಷ್ಟವಾಯಿತು.

ಗುಂಪಿನ ಇಬ್ಬರು ಗಂಡಸರು ಕಲ್ಲನ್ನು ಗೋಡೆಯ ಬದಿಗೆ ಸರಿಸಿದರು. ಗುಂಡಿಯ ಮೇಲೆ ಹಲಗೆ ಹಾಸಿದೆ. ಕುರ್ಚಿ ತಿರುಗಿಸಿದೆ. ಮುಂದಿನ ಗಾಲಿ ದಾಟಿತು, ಹಿಂದಿನದೂ ದಾಟಿತು, ನನ್ನ ಗಂಡ ಓಣಿಯಲ್ಲಿದ್ದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡರು. ಗುಂಪು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಿತು. ಕೊಡೆಯವನು ಇನ್ನೂ ಅನಾಮಿಕನ ಕಥೆ ಹೇಳುತ್ತಿದ್ದ. ನಾನು ಹಲ್ಲು ಕಚ್ಚಿ ಕುರ್ಚಿಯನ್ನು ಸಮುದ್ರದ ಕಡೆ ತಿರುಗಿಸಿದೆ.

ಎಡಗೈ ಮೇಲೆದ್ದಿತು. ಆ ಕಡೆ ಅಲ್ಲ, ಈ ಕಡೆ, ಓಣಿಯ ಮೇಲಕ್ಕೆ.

"ಸಮುದ್ರ ಇಲ್ಲಿ ಕೆಳಗಿದೆ ರೀ."

ಮತ್ತೆ ಮೇಲಕ್ಕೇ ತೋರಿಸಿದರು. ಸರಿ ಎಂದು ನೂಕಿದೆ. ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಲ್ಲಿಸಿದರು, ಬಾಗಿ ಅದರ ಅಂಚು ಸವರಿದರು, ಮುಂದೆ ಎಂದು ಕೈ ಮಾಡಿದರು. ಅದರ ಪಕ್ಕದ್ದೂ ಹಾಗೆಯೇ, ಅವರು ಕಡೆದ ಹನ್ನೊಂದರಲ್ಲಿ ಅವೂ ಸೇರಿದ್ದವು. ಹಿಂದೆ ಗುಂಪೂ ನಿಧಾನವಾಗಿ ಬರುತ್ತಿತ್ತು, ಅವರ ದಾರಿಯೂ ಅದೇ. ಮೂರನೆಯದು ನಾದಿನಿಯ ಬಾಗಿಲು. ಅವಳು ಯಾವಾಗಲೋ ನಲ್ಲಿಯ ಕೊಳವೆ ಹಾಕಿಸಿದ್ದಳು. ಕೊಳವೆ ಕೂರಿಸಿದವನು ಹೊಸ್ತಿಲಿನ ಒಂದು ಮೂಲೆ ಒಡೆದು, ಆ ಜಾಗಕ್ಕೆ ಬೊಗಸೆ ಸಿಮೆಂಟು ಮೆತ್ತಿ ಹೋಗಿದ್ದ.

ನನ್ನ ಗಂಡನ ಕೈ ಆ ಸಿಮೆಂಟಿನ ಮೇಲೆ ನಿಂತಿತು. ಉಗುರಿನಿಂದ ಕೆರೆದರು. ಕತ್ತಿನ ನರ ಉಬ್ಬಿತು, ಮುಖ ಕೆಂಪೇರಿತು. ಏನೋ ಆಗುತ್ತಿದೆ ಎಂದು ನಾನು ಹೆದರಿ ಭುಜ ಹಿಡಿದುಕೊಂಡೆ.

"ಯಾವ ಕತ್ತೆ ನನ್ನ ಕಲ್ಲಿಗೆ ಸಿಮೆಂಟು ಮೆತ್ತಿದ್ದು?"

ಎಂಟು ತಿಂಗಳಲ್ಲಿ ಮೊದಲ ಸಲ ಒಂದು ಇಡೀ ವಾಕ್ಯ. ಎಲ್ಲೂ ಮುರಿಯದೆ, ಎಲ್ಲೂ ತಡವರಿಸದೆ, ಓಣಿಯ ಎರಡೂ ತುದಿಗೆ ಕೇಳುವ ಹಾಗೆ.

ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕೊಡೆಯವನು ಅರ್ಧ ಮಾತಿಗೆ ನಿಂತ. ಕಣ್ಣು ಒರೆಸಿಕೊಂಡಿದ್ದ ಆ ಹೆಂಗಸು ಮುಂದೆ ಬಂದು, ಹೊಸ್ತಿಲು ನೋಡಿ, ನನ್ನ ಗಂಡನನ್ನು ನೋಡಿ, ಕೊಡೆಯವನನ್ನೇ ಕೇಳಿದಳು.

"ನನ್ನ ಕಲ್ಲು ಅಂತಿದಾರಲ್ಲ, ಹಾಗಂದ್ರೆ?"

ಅವನು ಕಾರ್ಯದರ್ಶಿಯ ಮುಖ ನೋಡಿದ. ಕಾರ್ಯದರ್ಶಿ ನನ್ನ ಮುಖ ನೋಡಿದ. ನಾನು ಮಾತು ಕೊಟ್ಟಿದ್ದೆ, ಬಾಯಿ ಬಿಡಲಿಲ್ಲ. ನನ್ನ ಗಂಡ ಆ ಹೆಂಗಸಿನ ಕಡೆಗೆ ತಿರುಗಿ, ಎಡಗೈಯನ್ನು ಎದೆಗೆ ಬಡಿದುಕೊಂಡು, ಮುಂದಿನ ಶಬ್ದಕ್ಕೆ ತಡಕಾಡತೊಡಗಿದರು. ಎಷ್ಟು ಹೊತ್ತು ಬೇಕಾದರೂ ಆಗಲಿ ಎಂದು ನಾನು ಕುರ್ಚಿಗೆ ಬ್ರೇಕು ಹಾಕಿ ನಿಂತೆ.